ಓಡುವ ಕಾರಿಗೆ ಮಾತ್ರ ಜಾಗ

ಶನಿವಾರ ಬೆಳಿಗ್ಗೆ ಏಳೂವರೆಗೆ ನೀರು ಸರಬರಾಜು ಕಚೇರಿಯ ದೂರು ಗುಮಾಸ್ತ ತನ್ನ ಹತ್ತೊಂಬತ್ತು ವರ್ಷದ ಕಾರಿನಲ್ಲಿ ಕೂತು ಗೇರು ಹಾಕಿದ. ಗೇರು ಬೀಳಲಿಲ್ಲ. ಇನ್ನೊಮ್ಮೆ ಹಾಕಿದ. ಗೇರಿನ ಕಡ್ಡಿ ಸಡಿಲವಾದ ಹಲ್ಲಿನ ಹಾಗೆ ಅತ್ತಿಂದಿತ್ತ ಓಲಾಡಿತು. ಎಂಜಿನ್ ಮಾತ್ರ ತನಗೂ ಇದಕ್ಕೂ ಏನೂ ಸಂಬಂಧವಿಲ್ಲವೆಂಬಂತೆ ಗುರುಗುಟ್ಟುತ್ತಲೇ ಇತ್ತು.

ಬೇರೆ ದಿನವಾಗಿದ್ದರೆ ನಾಳೆ ನೋಡಿದರಾಯಿತೆಂದು ಅವನು ಮೇಲೆ ಹೋಗುತ್ತಿದ್ದ. ಆದರೆ ಅಂದು ತಪಾಸಣೆಯ ದಿನ. ಆ ಕಟ್ಟಡದಲ್ಲಿ ಮನೆಗಳು ಇಪ್ಪತ್ತನಾಲ್ಕು, ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ಒಂಬತ್ತು. ಅದಕ್ಕಾಗಿ ಕಟ್ಟಡದ ಸಂಘ ಒಂದು ನಿಯಮ ಮಾಡಿತ್ತು. ವರ್ಷಕ್ಕೊಂದು ಶನಿವಾರ ಸಂಜೆ ಆರಕ್ಕೆ ಪ್ರತಿಯೊಂದು ಕಾರೂ ತನ್ನ ಜಾಗದಿಂದ ಗೇಟಿನ ತನಕ ಹೋಗಿ, ಹಾಗೇ ಹಿಂದಕ್ಕೆ ಬಂದು ನಿಲ್ಲಬೇಕು. ತಳ್ಳುವಂತಿಲ್ಲ, ಎಳೆಯುವಂತಿಲ್ಲ. ಓಡದ ಕಾರಿನ ಜಾಗ ಪಟ್ಟಿಯಲ್ಲಿ ಮುಂದಿರುವವರಿಗೆ. ಪಟ್ಟಿಯಲ್ಲಿ ಮುಂದಿದ್ದವರು ಮೂರನೇ ಮಹಡಿಯ ಹಲ್ಲಿನ ಡಾಕ್ಟರು. ಅವರ ಹೊಸ ಕಾರು ನಾಲ್ಕು ತಿಂಗಳಿಂದ ರಸ್ತೆಯಲ್ಲಿ ಮರದ ಕೆಳಗೆ ನಿಂತು, ದಿನವೂ ಹಕ್ಕಿಗಳಿಂದ ಸುಣ್ಣ ಬಳಿಸಿಕೊಳ್ಳುತ್ತಿತ್ತು.

ನಿಜ ಹೇಳಬೇಕೆಂದರೆ ಗುಮಾಸ್ತನಿಗೆ ಕಾರು ಓಡಬೇಕೆಂಬ ಆಸೆಯೇನೂ ಇರಲಿಲ್ಲ. ಅವನು ಕಚೇರಿಗೆ ಹೋಗುತ್ತಿದ್ದುದು ಬಸ್ಸಿನಲ್ಲಿ. ಅವನಿಗೆ ಬೇಕಾಗಿದ್ದುದು ಕಾರಿನಲ್ಲಿ ಕೂರುವುದು. ಕಚೇರಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಲ್ಲಿ ಬರದವರು, ನಲ್ಲಿ ನಿಲ್ಲದವರು, ಪಕ್ಕದ ಮನೆಗೆ ಮಾತ್ರ ನೀರು ಬರುವವರು ಬಂದು ಅವನ ಮೇಲೆ ರೇಗುತ್ತಿದ್ದರು. ಮನೆಯಲ್ಲಿ ಅವಳಿ ಹೆಣ್ಣುಮಕ್ಕಳು ಡ್ರಮ್ ಕಲಿಯುತ್ತಿದ್ದರು. ಅತ್ತೆಗೆ ಕಿವಿ ಮಂದವಾದ್ದರಿಂದ ಟಿವಿ ಡ್ರಮ್ಮಿಗಿಂತ ಜೋರಾಗಿರಬೇಕಿತ್ತು. ಹೆಂಡತಿ ಅದಕ್ಕಿಂತ ಜೋರಾಗಿ ಫೋನಿನಲ್ಲಿ ತನ್ನ ಅಕ್ಕನ ಜೊತೆ ಮಾತಾಡಬೇಕಿತ್ತು. ಕಚೇರಿ, ಮನೆ ಇವೆರಡರ ನಡುವೆ, ಸಂಜೆ ಆರೂವರೆಯಿಂದ ಏಳರವರೆಗೆ, ಕಾರಿನ ಗಾಜು ಏರಿಸಿ ಕೂತರೆ ಜಗತ್ತಿನಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಆ ಅರ್ಧ ಗಂಟೆ ಹೋದರೆ ತನಗೆ ಹುಚ್ಚು ಹಿಡಿಯುವುದು ಖಂಡಿತ ಎಂದು ಅವನು ನಂಬಿದ್ದ.

ಅವನು ಅಲ್ಲಿ ಏನು ಮಾಡುತ್ತಾನೆಂಬ ಕುತೂಹಲ ಮಾತ್ರ ಇಡೀ ಕಟ್ಟಡಕ್ಕಿತ್ತು. ಕದ್ದು ಸಿಗರೇಟು ಸೇದುತ್ತಾನೆಂದು ಒಬ್ಬರು, ಕವನ ಬರೆಯುತ್ತಾನೆಂದು ಇನ್ನೊಬ್ಬರು, ಅಳುತ್ತಾನೆಂದು ಹಲ್ಲಿನ ಡಾಕ್ಟರು ಹೇಳುತ್ತಿದ್ದರು. ಅವನು ಏನೂ ಮಾಡುತ್ತಿರಲಿಲ್ಲ. ಅದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲವಾದ್ದರಿಂದ, "ಎಂಜಿನ್ ಚೆಕ್ ಮಾಡ್ತಾ ಇದ್ದೆ" ಎನ್ನುತ್ತಿದ್ದ.

ಎಂಟೂವರೆಗೆ ಗ್ಯಾರೇಜಿನ ಮೇಸ್ತ್ರಿ ಬಂದು ಕಾರಿನ ಕೆಳಗೆ ಹೋದ. ಹೊರಗೆ ಉಳಿದಿದ್ದು ಅವನ ಎರಡು ಪಾದ ಮಾತ್ರ. ಸುತ್ತ ನಿಂತವರೆಲ್ಲ ಪಾದಗಳನ್ನೇ ನೋಡುತ್ತ ಮಾತಾಡಬೇಕಾಯಿತು.

"ಏನಾಗಿದೆ ಮೇಸ್ತ್ರಿ?" ಎಂದು ಗುಮಾಸ್ತ ಪಾದಗಳನ್ನು ಕೇಳಿದ.

"ಗೇರ್‌ಬಾಕ್ಸ್ ಹೋಗಿದೆ ಸಾರ್. ಒಳಗೆ ಹಲ್ಲೆಲ್ಲ ಪುಡಿಪುಡಿ."

ಹಲ್ಲು ಎಂಬ ಮಾತು ಬಿದ್ದದ್ದೇ ತಡ, ಮೂರನೇ ಮಹಡಿಯ ಡಾಕ್ಟರು ಪೈಜಾಮದಲ್ಲೇ ಕೆಳಗಿಳಿದು ಬಂದರು. "ಕೇಳಿ ದೂರಿನವರೇ, ನನ್ನ ಮೂವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ. ಬೇರು ಹೋದ ಮೇಲೆ ಉಳಿಸ್ಕೋಬಾರದು. ಕಿತ್ತು ಹಾಕಿಸಿಬಿಡಿ. ಎರಡು ದಿನ ನೋವಿರತ್ತೆ, ಆಮೇಲೆ ಮರೆತೇ ಹೋಗತ್ತೆ." ಹೀಗೆ ಹೇಳುತ್ತಲೇ ಅವರು ಜೇಬಿನಿಂದ ಅಳತೆಯ ಟೇಪು ತೆಗೆದು ಕಾರಿನ ಹಿಂದಿನ ಗೋಡೆಯಿಂದ ಅಳೆಯತೊಡಗಿದರು. ಟೇಪು ಮೇಸ್ತ್ರಿಯ ಪಾದದ ಮೇಲಿಂದ ಹಾದುಹೋಯಿತು.

"ಹೊಸ ಗೇರ್‌ಬಾಕ್ಸ್ ಹಾಕಿದ್ರೆ?" ಎಂದ ಗುಮಾಸ್ತ.

"ಎಲ್ಲಿಂದ ತರೋದು? ಈ ಮಾಡೆಲ್ ಕಂಪನಿಯವರೇ ನಿಲ್ಲಿಸಿ ಯಾವ ಕಾಲ ಆಯ್ತು. ನನ್ನ ಮಾತು ಕೇಳಿ, ಬಿಚ್ಚಿ ಮಾರಿಬಿಡಿ. ಎಂಜಿನ್ನಿಗೆ ಗಿರಾಕಿ ಇದಾರೆ. ಬಾಗಿಲು, ದೀಪ, ಸೀಟು ಎಲ್ಲ ಹೋಗತ್ತೆ. ಇಡೀ ಕಾರಿಗಿಂತ ಬಿಡಿಬಿಡಿ ಭಾಗಕ್ಕೇ ಬೆಲೆ ಜಾಸ್ತಿ."

ಮನುಷ್ಯರ ವಿಷಯವೂ ಹೀಗೆಯೇ ಇರಬಹುದೇ ಎಂದು ಗುಮಾಸ್ತ ಒಂದು ಕ್ಷಣ ಯೋಚಿಸಿದ. ಅಷ್ಟರಲ್ಲಿ ಮೊದಲ ಮಹಡಿಯ ಬಾಲ್ಕನಿಯಿಂದ ಹೆಂಡತಿಯ ದನಿ ಬಂತು.

"ರೀ, ರಿಪೇರಿ ಆದ್ರೆ ರಿಪೇರಿ, ಬಿಚ್ಚೋದಾದ್ರೆ ಬಿಚ್ಚೋದು. ಏನಾದ್ರೂ ಒಂದು ತೀರ್ಮಾನ ಮಾಡಿ. ಅಮ್ಮ ಆಗಲೇ ಕನ್ನಡಿ ಕೇಳ್ತಾ ಇದಾಳೆ!"

"ಯಾವ ಕನ್ನಡಿ?"

"ಕಾರಿನೊಳಗಿಂದು. ಕುರ್ಚಿಗೆ ಕಟ್ಕೊಂಡ್ರೆ ಕೂತಲ್ಲಿಂದಲೇ ಮೆಟ್ಟಿಲು ಹತ್ತೋರು ಕಾಣಿಸ್ತಾರಂತೆ."

ಗುಮಾಸ್ತನಿಗೆ ತೀರ್ಮಾನ ಮಾಡಿ ಅಭ್ಯಾಸವಿರಲಿಲ್ಲ. ಕಚೇರಿಯಲ್ಲಿ ಅವನ ಕೆಲಸ ದೂರು ಬರೆದುಕೊಳ್ಳುವುದು ಮಾತ್ರ. ತೀರ್ಮಾನವನ್ನು ಮೇಲಿನವರು ಮಾಡುತ್ತಾರೆಂದು ಹನ್ನೊಂದು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದ. ಈಗ ಮೇಲೆ ನೋಡಿದರೆ ಅಲ್ಲಿ ಹೆಂಡತಿ ಇದ್ದಳು.

ಕಾರಿನ ಕೆಳಗಿನಿಂದ ಮೇಸ್ತ್ರಿ ಇಡಿಯಾಗಿ ಹೊರಗೆ ಬಂದು ಕೈ ಒರೆಸಿಕೊಂಡ. "ಒಂದು ದಾರಿ ಇದೆ ಸಾರ್. ಈ ಊರಲ್ಲಿ ಇಂಥದ್ದು ಇನ್ನೊಂದೇ ಒಂದು ಕಾರಿದೆ. ಗಡಿಯಾರ ರಿಪೇರಿ ಯಜಮಾನರದ್ದು. ಅವರದ್ದು ಎಂಜಿನ್ ಹೋಗಿದೆ, ಗೇರ್‌ಬಾಕ್ಸ್ ಚಿನ್ನದಂಗಿದೆ. ನಿಮ್ಮದು ಎಂಜಿನ್ ಚಿನ್ನ, ಗೇರ್‌ಬಾಕ್ಸ್ ಹೋಗಿದೆ. ಎರಡೂ ಸೇರಿದ್ರೆ ಒಂದು ಕಾರು. ಯಾರದ್ದು ಉಳೀಬೇಕು ಅಂತ ನೀವಿಬ್ಬರೇ ಮಾತಾಡ್ಕೊಳ್ಳಿ. ಅವರೂ ರಿಪೇರಿನೋ ಬಿಚ್ಚೋದೋ ಅಂತ ಎರಡು ವರ್ಷದಿಂದ ಯೋಚನೆ ಮಾಡ್ತಾ ಇದಾರೆ. ಮಧ್ಯಾಹ್ನದೊಳಗೆ ಒಪ್ಪಿಸಿದ್ರೆ ಸಂಜೆಗೆ ಕೂರಿಸಿಕೊಡ್ತೀನಿ."

ಗುಮಾಸ್ತನಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ತನ್ನ ಕಾರಿನಂಥದೇ ಇನ್ನೊಂದು ಕಾರು! ಅದು ಹೇಗಿದ್ದೀತು? ಅದಕ್ಕೂ ಎಡಗಡೆಯ ಹಿಂದಿನ ಬಾಗಿಲು ಅಂಟಿಕೊಳ್ಳುತ್ತದೆಯೇ? ಕಾಣೆಯಾದ ಅಣ್ಣತಮ್ಮಂದಿರನ್ನು ಹುಡುಕಿಕೊಂಡು ಹೊರಟವನಂತೆ ಅವನು ಬಸ್ಸು ಹತ್ತಿದ.

ಗಡಿಯಾರದ ಅಂಗಡಿ ರಸ್ತೆಗೆ ಮುಖ ಮಾಡಿತ್ತು, ಮನೆ ಅದರ ಮೇಲೆ, ಹಿತ್ತಿಲಲ್ಲಿ ಶೆಡ್ಡು. ಗುಮಾಸ್ತ ಒಳಗೆ ಕಾಲಿಟ್ಟಾಗ ಸರಿಯಾಗಿ ಹತ್ತು ಗಂಟೆ. ಗೋಡೆಯ ಮೇಲಿದ್ದ ನಲವತ್ತು ಗಡಿಯಾರಗಳಿಗೂ ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯವಿತ್ತು. ಎಲ್ಲವೂ ಹೊಡೆದು ಮುಗಿಸಲು ನಾಲ್ಕು ನಿಮಿಷ ಬೇಕಾಯಿತು. ಅಲ್ಲಿಯವರೆಗೆ ಮೇಜಿನ ಹಿಂದೆ ಮುದುಕ ಯಜಮಾನರು ಕೈಯೆತ್ತಿ ತಡೆಯಿರಿ ಎಂದು ಸನ್ನೆ ಮಾಡುತ್ತ ಕೂತಿದ್ದರು. ಕೊನೆಯ ಗಡಿಯಾರ ಸುಮ್ಮನಾದ ಮೇಲೆ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ನಕ್ಕರು.

"ಬನ್ನಿ ಬನ್ನಿ, ಮೇಸ್ತ್ರಿ ಫೋನ್ ಮಾಡಿದ್ದ. ನಿಮ್ಮ ಕಾರು ಬಿಚ್ಚೋಕೆ ನೀವು ಒಪ್ಪಿದೀರಂತೆ. ಬಹಳ ದೊಡ್ಡ ಮನಸ್ಸು ನಿಮ್ಮದು."

"ನನಗೆ ಹೇಳಿದ್ದು ಬೇರೆ ಯಜಮಾನರೇ," ಎಂದು ಗುಮಾಸ್ತ ತಡವರಿಸಿದ. "ನೀವು ಒಪ್ತೀರಿ ಅಂತ..."

ಮೇಸ್ತ್ರಿ ಮದುವೆ ದಲ್ಲಾಳಿಯ ಹಾಗೆ ಇಬ್ಬರಿಗೂ ಇನ್ನೊಂದು ಕಡೆಯವರು ಒಪ್ಪಿದ್ದಾರೆಂದು ಹೇಳಿದ್ದಾನೆಂಬುದು ಸ್ಪಷ್ಟವಾಯಿತು.

"ಇರಲಿ, ಮೊದಲು ನೋಡಿ," ಎಂದು ಯಜಮಾನರು ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಹೊದಿಕೆ ಸರಿಸಿದರು. ಅದೇ ಬೂದು ಬಣ್ಣ. ಅದೇ ಉಬ್ಬಿದ ಮೂಗು. ಗುಮಾಸ್ತ ಮೊದಲು ಎಡಗಡೆಯ ಹಿಂದಿನ ಬಾಗಿಲು ಎಳೆದು ನೋಡಿದ. ಅಂಟಿಕೊಂಡಿತ್ತು. ಅವನಿಗೆ ವಿವರಿಸಲಾಗದಷ್ಟು ಸಂತೋಷವಾಯಿತು. ಆಮೇಲೆ ಮುಂದಿನ ಬಾಗಿಲು ತೆರೆದವನು ಹಾಗೇ ನಿಂತುಬಿಟ್ಟ. ಸೀಟು ಹಿಂದಕ್ಕೆ ಒರಗಿತ್ತು. ಅದರ ಮೇಲೊಂದು ದಿಂಬು. ದಿಂಬಿನ ನಡುವೆ ತಲೆಯಷ್ಟೇ ದೊಡ್ಡ ಗುಳಿ. ಎದುರಿನ ಹಲಗೆಯಲ್ಲಿ ಗಡಿಯಾರವಿರಬೇಕಾದ ಜಾಗದಲ್ಲಿ ಬರೀ ತೂತು.

"ಗಡಿಯಾರ ಎಲ್ಲಿ?"

"ತೆಗೆದುಹಾಕಿದೆ," ಎಂದರು ಯಜಮಾನರು ನಾಚಿಕೊಂಡು. "ಅಂಗಡೀಲಿ ನಲವತ್ತು, ಮನೇಲಿ ಹದಿನಾರು. ಮಗ, ಸೊಸೆ, ಮೂರು ಮೊಮ್ಮಕ್ಕಳು ಬೇರೆ. ಟಿಕ್ ಟಿಕ್ ಇಲ್ಲದ ಜಾಗ ಇದೊಂದೇ."

"ಕೂರ್ತೀರಾ?"

"ಕೂರ್ತೀನಿ. ದಿನಾ ಎರಡು ಗಂಟೆ."

"ಏನು ಮಾಡ್ತೀರಿ?"

"ಏನೂ ಇಲ್ಲ."

ಗುಮಾಸ್ತನಿಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನು ಒಬ್ಬ ಮನುಷ್ಯನಿಗೆ ನಿಜ ಹೇಳಿದ. ಡ್ರಮ್ಮಿನ ವಿಷಯ, ಟಿವಿಯ ವಿಷಯ, ಆರೂವರೆಯ ವಿಷಯ ಎಲ್ಲ ಹೇಳಿದ. ಯಜಮಾನರು ತಲೆದೂಗುತ್ತ ಕೇಳಿದರು. ಸೊಸೆ ಚಹಾ ತಂದು, "ಏನಾದ್ರೂ ತೀರ್ಮಾನ ಆಯ್ತಾ ಮಾವ?" ಎಂದು ಕೇಳಿದಳು. "ಯೋಚನೆ ಮಾಡ್ತಾ ಇದೀನಮ್ಮ" ಎಂದರು ಯಜಮಾನರು. ಅವಳು ಹೋದಳು. ಹನ್ನೊಂದಕ್ಕೆ ಬಂದು ಕೇಳಿದಳು, ಹನ್ನೆರಡಕ್ಕೂ ಬಂದು ಕೇಳಿದಳು. ಅದೇ ಉತ್ತರ.

ಹನ್ನೆರಡೂವರೆಗೆ ಗುಮಾಸ್ತನಿಗೆ ಒಂದು ಉಪಾಯ ಹೊಳೆಯಿತು. ಅದು ಹೊಳೆದ ರಭಸಕ್ಕೆ ಚಹಾ ಲೋಟ ಉರುಳಿತು.

"ಯಜಮಾನರೇ, ನಿಮ್ಮ ಕಾರು ಓಡಬೇಕು ಅಂತ ಯಾರಾದ್ರೂ ನಿಯಮ ಮಾಡಿದಾರಾ?"

"ಇಲ್ಲಪ್ಪ. ಶೆಡ್ಡು ನನ್ನದೇ."

"ಮತ್ತೆ ಕೂರೋಕೆ ಗೇರ್‌ಬಾಕ್ಸ್ ಯಾಕೆ ಬೇಕು? ಅದು ನನಗೆ ಬಂದ್ರೆ ನನ್ನ ಕಾರು ಓಡತ್ತೆ, ನನ್ನ ಜಾಗ ಉಳಿಯತ್ತೆ. ನಿಮ್ಮ ಸೀಟು, ನಿಮ್ಮ ದಿಂಬು, ನಿಮ್ಮ ಬಾಗಿಲು ಎಲ್ಲ ಇಲ್ಲೇ ಇರತ್ತೆ. ನಾನೂ ಕೂರ್ತೀನಿ, ನೀವೂ ಕೂರ್ತೀರಿ!"

ಯಜಮಾನರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಅವರ ಮುಖದಲ್ಲಿ ಏನೋ ಅಳುಕಿತ್ತು. ಆದರೆ ಜೀವನವಿಡೀ ಸಣ್ಣ ಹಲ್ಲಿನ ಚಕ್ರಗಳ ಜೊತೆ ಕಳೆದ ಮನುಷ್ಯ ಅವರು. "ಚೆನ್ನಾಗಿರೋ ಚಕ್ರ ಕೆಲಸ ಇಲ್ಲದೆ ಕೂತಿದ್ರೆ ನನಗೂ ಸಂಕಟವೇ," ಎಂದು ಕೊನೆಗೆ ನಿಟ್ಟುಸಿರು ಬಿಟ್ಟರು. "ಆಗಲಿ. ತಗೊಂಡು ಹೋಗಿ."

"ಹಾಗಾದ್ರೆ ತೀರ್ಮಾನ ಆಯ್ತು!" ಎಂದು ಬಾಗಿಲ ಬಳಿಯಿಂದ ಸೊಸೆ ಹೇಳಿದಳು. ಅವಳಿಗೆ ಗುಮಾಸ್ತನಿಗಿಂತಲೂ ಹೆಚ್ಚು ಸಂತೋಷವಾದಂತೆ ಕಂಡಿತು. ಒಳ್ಳೆಯ ಮನೆತನ ಎಂದುಕೊಂಡ ಗುಮಾಸ್ತ.

ಮೇಸ್ತ್ರಿ ಬಂದು ಗೇರ್‌ಬಾಕ್ಸ್ ಇಳಿಸುವ ಹೊತ್ತಿಗೆ ಎರಡೂವರೆ. ಅವನ ಗಾಡಿಯಲ್ಲಿ ಸಾಮಾನು ತುಂಬಿದ್ದರಿಂದ ಗುಮಾಸ್ತ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟ. ಆಸ್ಪತ್ರೆಯಿಂದ ಕೂಸನ್ನು ಮನೆಗೆ ತರುವವನಂತೆ, ಹಳ್ಳ ಬಂದಾಗಲೆಲ್ಲ ಎರಡೂ ಕೈಯಿಂದ ಅಪ್ಪಿಕೊಂಡ. ಕೂಸು ಮೂವತ್ತು ಕಿಲೋ ಇತ್ತು, ದಾರಿಯುದ್ದಕ್ಕೂ ಅಂಗಿಯ ಮೇಲೆ ಕರಿ ಎಣ್ಣೆ ಬಿಡುತ್ತಿತ್ತು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ, "ಅದೇನು ಸಾರ್?" ಎಂದು ಕೇಳಿದ. "ಅರ್ಧ ಗಂಟೆ" ಎಂದುಬಿಟ್ಟ ಗುಮಾಸ್ತ, ಯೋಚನೆಯಲ್ಲಿದ್ದವನು. ಟ್ಯಾಕ್ಸಿಯವನು ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿದ.

ಮನೆಗೆ ಬಂದು ನೋಡಿದರೆ ಅವನ ಕಾರು ಅವನ ಜಾಗದಲ್ಲಿರಲಿಲ್ಲ. ಅಂಗಳದ ನಡುವೆ ಅಡ್ಡಡ್ಡ ನಿಂತಿತ್ತು. ಹಲ್ಲಿನ ಡಾಕ್ಟರು ತಮ್ಮ ಇಬ್ಬರು ಕಾಂಪೌಂಡರುಗಳಿಂದ ತಳ್ಳಿಸುತ್ತಿದ್ದರು. ಸಂಘದ ಕಾರ್ಯದರ್ಶಿಗಳು ನಿಯಮದ ಪುಸ್ತಕ ಹಿಡಿದು ಕಾರಿನ ಮುಂದೆ ನಿಂತು ಹಿಂದಕ್ಕೆ ತಳ್ಳುತ್ತಿದ್ದರು.

"ಸಹಾಯ ಮಾಡೋಣ ಅಂತ," ಎಂದರು ಡಾಕ್ಟರು. "ಹೇಗಿದ್ರೂ ಹೋಗೋದೇ ತಾನೇ?"

"ಆರು ಗಂಟೆಗೆ ಮುಂಚೆ ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ!" ಎಂದು ಕಾರ್ಯದರ್ಶಿಗಳು ಗುಡುಗಿದರು. ಅವರಿಗೆ ಗುಮಾಸ್ತನ ಮೇಲೆ ಪ್ರೀತಿಯೇನಿರಲಿಲ್ಲ, ನಿಯಮದ ಮೇಲಿತ್ತು.

ಕಾರನ್ನು ಮತ್ತೆ ಜಾಗಕ್ಕೆ ಸೇರಿಸಿದಾಗ ಒಳಗಿನ ಕನ್ನಡಿ ಕಾಣಲಿಲ್ಲ. ಮೇಲೆ ನೋಡಿದರೆ ಅತ್ತೆ ಕುರ್ಚಿಯಲ್ಲಿ ಕೂತು ಅದರಲ್ಲೇ ಇವನನ್ನು ನೋಡುತ್ತಿದ್ದರು. "ಅಳಿಯಂದ್ರೇ, ಚೆನ್ನಾಗಿ ಕಾಣ್ತೀರಿ!" ಎಂದು ಕೂಗಿದರು. ಕನ್ನಡಿ ಕೇಳಲು ಹೊತ್ತಿರಲಿಲ್ಲ. ಮೇಸ್ತ್ರಿ ಒಬ್ಬನೇ ಬರುವುದರ ಬದಲು ನಾಲ್ಕು ಗಂಟೆಗೆ ಭಾವಮೈದುನನನ್ನೂ ಕರೆದುಕೊಂಡು ಬಂದ. ನಾಲ್ಕು ಪಾದಗಳು ಒಂದೂಮುಕ್ಕಾಲು ಗಂಟೆ ಕಾರಿನ ಕೆಳಗಿದ್ದವು. ಗುಮಾಸ್ತ ಅವುಗಳ ಹೆಬ್ಬೆರಳು ಅಲುಗಿದಾಗಲೆಲ್ಲ ಅದಕ್ಕೇನು ಅರ್ಥವೆಂದು ಕಳವಳಪಡುತ್ತ ಸುತ್ತಿದ. ಆರಕ್ಕೆ ಹತ್ತು ನಿಮಿಷವಿರುವಾಗ ಪಾದಗಳು ಹೊರಬಂದವು.

"ಹಾಕಿ ನೋಡಿ ಸಾರ್."

ಆರು ಗಂಟೆಗೆ ಬಾಲ್ಕನಿಗಳೆಲ್ಲ ತುಂಬಿದವು. ಎಂಟು ಕಾರುಗಳು ಹೋಗಿ ಬಂದವು. ಒಂಬತ್ತನೆಯದು ಇವನದು. ಮೊದಲ ಗೇರು ಬಿತ್ತು. ಕಾರು ಕೆಮ್ಮಿ ಹೊರಟಿತು. ಗೇಟು ಮುಟ್ಟಿತು. ಅಲ್ಲಿ ರಿವರ್ಸ್ ಬೀಳಲಿಲ್ಲ. ಎರಡನೇ ಸಲವೂ ಬೀಳಲಿಲ್ಲ. ಡಾಕ್ಟರು ರಸ್ತೆಯಲ್ಲಿ ತಮ್ಮ ಕಾರಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಗುಮಾಸ್ತ ಕಣ್ಣು ಮುಚ್ಚಿ, ಹನ್ನೊಂದು ವರ್ಷ ಯಾರ ಮೇಲೂ ತೋರಿಸದಿದ್ದ ಸಿಟ್ಟನ್ನೆಲ್ಲ ಕೂಡಿಸಿ ಎಳೆದ. ಕಾರು ನರಳಿ, ನಡುಗಿ, ಹಿಂದಕ್ಕೆ ಹೊರಟಿತು. ಕನ್ನಡಿಯಿಲ್ಲದ್ದರಿಂದ ಹೆಂಡತಿ ಮೇಲಿಂದ "ಬಲಕ್ಕೆ ರೀ, ಬಲಕ್ಕೆ! ಅಯ್ಯೋ, ನಿಮ್ಮ ಬಲಕ್ಕೆ!" ಎಂದು ಕೂಗಿ ದಾರಿ ತೋರಿಸಿದಳು. ಕಾರು ಜಾಗ ಸೇರಿತು.

"ಉತ್ತೀರ್ಣ" ಎಂದು ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದರು. ಡಾಕ್ಟರು ಬಂದು ಕೈಕುಲುಕಿ, "ನಿಮ್ಮ ದವಡೆ ಬಿಗಿ ನೋಡಿದ್ರೆ ನೀವು ಹಲ್ಲು ಕಡೀತೀರಿ, ಸೋಮವಾರ ಬನ್ನಿ" ಎಂದು ಹೇಳಿ ಹೋದರು. ಮೇಸ್ತ್ರಿಗೆ ಬೇರೆಲ್ಲೋ ಅವಸರದ ಕೆಲಸವಿತ್ತು, ಅವನೂ ಹೋದ. ಬಾಲ್ಕನಿಗಳು ಖಾಲಿಯಾದವು.

ಆರೂವರೆ. ಗುಮಾಸ್ತ ಒಳಗೆ ಕೂತು ಬಾಗಿಲು ಹಾಕಿ ಗಾಜು ಏರಿಸಿದ. ಒಂದು ದಿನದಲ್ಲಿ ಎರಡು ಸಲ ಕಳೆದುಕೊಂಡು ಮತ್ತೆ ಸಿಕ್ಕಿದ ನಿಶ್ಶಬ್ದ ಅದು. ಅವನ ಕಣ್ಣಲ್ಲಿ ನೀರು ಬಂತು. ಅಳುತ್ತಾನೆಂಬ ಡಾಕ್ಟರ ಮಾತು ಇವತ್ತಿಗೆ ನಿಜವಾಯಿತು ಎಂದುಕೊಂಡ.

ಆಗ ಪಕ್ಕದ ಬಾಗಿಲು ತೆರೆಯಿತು. ಗಡಿಯಾರದ ಯಜಮಾನರು ಕಂಕುಳಲ್ಲಿ ದಿಂಬು ಹಿಡಿದು ನಿಂತಿದ್ದರು.

"ಹೋಯ್ತು," ಎಂದರು.

"ಏನು ಹೋಯ್ತು?"

"ಕಾರು. ನೀವು ಟ್ಯಾಕ್ಸಿ ಹತ್ತಿದ್ದೇ ತಡ, ಸೊಸೆ ಮೇಸ್ತ್ರಿ ಹತ್ರ ಮಾತಾಡಿಬಿಟ್ಟಳು. ಅವನು ಕಳಿಸಿದ ಗಿರಾಕಿಗಳೇ ಬಂದು ಬಿಚ್ಚಿಕೊಂಡು ಹೋದ್ರು, ಬಾಗಿಲೊಬ್ಬರು, ಸೀಟೊಬ್ಬರು. ಐದು ಗಂಟೆಗೆ ಶೆಡ್ಡು ಗುಡಿಸಿ ಆಗಿತ್ತು. ಅವಳದೂ ತಪ್ಪಿಲ್ಲ. ರಿಪೇರಿನೋ ಬಿಚ್ಚೋದೋ ಅಂತ ನಾನು ಯೋಚನೆ ಮಾಡ್ತಾ ಇರೋ ತನಕ ಯಾರೂ ಮುಟ್ಟೋ ಹಾಗಿರಲಿಲ್ಲ. ಅದಕ್ಕೇ ಎರಡು ವರ್ಷ ಯೋಚನೆ ಮಾಡಿದ್ದು. ಇನ್ನೂ ಹತ್ತು ವರ್ಷ ಮಾಡೋನಿದ್ದೆ." ಅವರು ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. "ಆವಾಗಲೇ ಇದನ್ನ ನಿಮಗೆ ಹೇಳಬೇಕು ಅಂದ್ಕೊಂಡೆ. ಅವಳು ಬಾಗಿಲಲ್ಲೇ ಇದ್ದಳು."

ಎಂಥ ಕೆಲಸ ಮಾಡಿಬಿಟ್ಟೆ ಎಂದು ಗುಮಾಸ್ತನಿಗೆ ಕೂತ ಸೀಟೇ ಚುಚ್ಚಿತು. "ಕೂತ್ಕೊಳ್ಳಿ ಯಜಮಾನರೇ. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ. ನಿಮ್ಮದೇ ಗೇರ್‌ಬಾಕ್ಸ್ ಇದು."

ಯಜಮಾನರು ಕೂತರು. ಕೈ ತಾನಾಗಿಯೇ ಸೀಟಿನ ಕೆಳಗೆ ಹೋಗಿ ಹಿಡಿ ಎಳೆದು ಬೆನ್ನು ಒರಗಿಸಿತು. ದಿಂಬನ್ನು ತಲೆಯ ಕೆಳಗಿಟ್ಟು ಕಣ್ಣು ಮುಚ್ಚಿದರು. ಗುಮಾಸ್ತನೂ ಕಣ್ಣು ಮುಚ್ಚಿದ. ಯಜಮಾನರ ಉಸಿರು ಕೇಳಿಸಿತು. ಕಣ್ಣು ತೆರೆದು ನೋಡಿದ. ಅವರೂ ತೆರೆದು ಇವನನ್ನೇ ನೋಡುತ್ತಿದ್ದರು. ಇಬ್ಬರೂ ನಕ್ಕು ಮತ್ತೆ ಮುಚ್ಚಿದರು. ಹೀಗೆ ಐದು ನಿಮಿಷ ಹೋಯಿತು.

"ತಪ್ಪು ತಿಳ್ಕೋಬೇಡಿ," ಎಂದರು ಯಜಮಾನರು ಸಂಕೋಚದಿಂದ. "ಪಕ್ಕದಲ್ಲಿ ಯಾರಾದ್ರೂ ಇದ್ರೆ ನನಗೆ ಕೂತ ಹಾಗೇ ಆಗಲ್ಲ."

"ಅಯ್ಯೋ, ನನಗೂ ಹಾಗೇ!" ಎಂದ ಗುಮಾಸ್ತ. ಹೇಗೆ ಹೇಳುವುದೆಂದು ಅವನೂ ಒದ್ದಾಡುತ್ತಿದ್ದ. ಅವರೇ ಬಾಯಿಬಿಟ್ಟಿದ್ದರಿಂದ ಎದೆ ಹಗುರವಾಯಿತು.

"ನನಗೆ ಗೊತ್ತಿತ್ತು, ನಿಮಗಾದ್ರೆ ಅರ್ಥ ಆಗತ್ತೆ ಅಂತ," ಎಂದು ಯಜಮಾನರು ಅವನ ಕೈ ಹಿಡಿದು ಅಮುಕಿದರು. "ಎಂಟೂವರೆಗೆ ಎದ್ದು ಹೋಗ್ತೀನಿ. ಬಾಗಿಲು ಸ್ವಲ್ಪ ಮೆತ್ತಗೆ ಹಾಕ್ಕೊಂಡು ಹೋಗಿ."

ಗುಮಾಸ್ತ ದಿಂಬಿನ ಮೇಲಿದ್ದ ಬಿಳಿ ತಲೆಯನ್ನು ನೋಡಿದ. ಇಳಿದು ಬಾಗಿಲನ್ನು ಮೆತ್ತಗೆ ಹಾಕಿದ. ಮೊದಲ ಮಹಡಿಯಲ್ಲಿ ಡ್ರಮ್ ಶುರುವಾಗಿತ್ತು. ಬಾಲ್ಕನಿಗೆ ಬಂದ ಹೆಂಡತಿ ಕೆಳಗೆ ಬಗ್ಗಿ ನೋಡಿದಳು.

"ರೀ, ನೀವು ಹೊರಗಿದೀರಿ. ಮತ್ತೆ ಕಾರಲ್ಲಿ ಕೂತಿರೋದು ಯಾರು?"

"ಗೇರ್‌ಬಾಕ್ಸ್ ಕಡೆಯವರು" ಎಂದು ಹೇಳಿ ಗುಮಾಸ್ತ ಮೆಟ್ಟಿಲು ಹತ್ತಿದ.